ಹದಿನಾಲ್ಕನೇ ಮಗ್ಗದ ಹತ್ತಿರ ಹಾಕಿದ ಗೋಣು

ಈಗ ಒಬ್ಬ ಸಾಹುಕಾರನ ಕಥೆ ಹೇಳುತ್ತೇನೆ, ಕೇಳಿ. ಊರಿನ ಹೆಸರು ಬೇಡ. ಸಾಹುಕಾರನ ಹೆಸರೂ ಬೇಡ. ಹೆಸರು ಹೇಳಿದೆನೋ, ನೀವು ‘ಓ, ಅವನಾ’ ಅಂದು ಹಗುರಾಗಿ ಕಂಬಕ್ಕೆ ಒರಗಿಬಿಡುತ್ತೀರಿ. ಒರಗಬೇಡಿ.

ಊರು ಮಗ್ಗದೂರು. ಕರೆಂಟಿನ ಮಗ್ಗ. ಒಂದೊಂದು ಓಣಿಯಲ್ಲಿ ನೂರು, ಇನ್ನೂರು. ನಮ್ಮ ಸಾಹುಕಾರನದು ಇಪ್ಪತ್ನಾಲ್ಕು ಮಗ್ಗದ ಕಾರ್ಖಾನೆ. ಒಳಗೆ ಕಾಲಿಟ್ಟರೆ ಖಟಕ್ ಖಟಕ್ ಖಟಕ್, ನಿಮ್ಮ ಎದೆ ಬಡಿಯುವುದು ನಿಮ್ಮದೋ ಮಗ್ಗದ್ದೋ ತಿಳಿಯುವುದಿಲ್ಲ. ಅಂಥ ಕಡೆ ಜನ ಹೇಗೆ ಮಾತಾಡುತ್ತಾರೆ? ನೋಡಿ, ಕೈಯಿಂದ ಮಾತಾಡುತ್ತಾರೆ, ತುಟಿಯಿಂದ ಮಾತಾಡುತ್ತಾರೆ. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ ಎಂದರ್ಥ. ತುಟಿ ಆಡುವುದನ್ನು ನೋಡಿಯೇ ಆಚೆ ತುದಿಯವನು ಏನು ಬೈದ ಅಂತ ಈಚೆ ತುದಿಯವನು ಹೇಳಬಲ್ಲ. ಮತ್ತು ಗೋಣು. ಅಲ್ಲಿ ಗೋಣು ಹಾಕಿದರೆ, ಹೂಂ ಅಂತ ತಲೆ ಆಡಿಸಿದರೆ, ಮುಗಿಯಿತು, ಅದು ಕೊಟ್ಟ ಮಾತು. ‘ನಾಳೆ ನನ್ನ ಪಾಳಿ ನೀ ಮಾಡ್ತೀಯಾ?’ ಗೋಣು. ‘ನಿನ್ನ ಮಗಳನ್ನ ನಮ್ಮ ಹುಡುಗಗ ಕೊಡ್ತೀಯಾ?’ ಗೋಣು. ಬೇರೆ ಊರಿನವರು ಕಾಗದದ ಮೇಲೆ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ, ಆಮೇಲೆ ತಪ್ಪುತ್ತಾರೆ. ಆ ಊರಿನಲ್ಲಿ ಗೋಣು ಹಾಕಿ ತಪ್ಪಿದವನಿಗೆ ಯಾರೂ ಚಹಾ ಕುಡಿಸುವುದಿಲ್ಲ.

ಸಾಹುಕಾರ ಇದೇ ಸದ್ದಿನಲ್ಲಿ ಬೆಳೆದವನು. ಅವನಪ್ಪ ಅವನನ್ನು ಮಗ್ಗದ ಮುಂದೆ ನಿಲ್ಲಿಸಿ ಲಾಳಿ ಬದಲಿಸುವುದರಿಂದ ಕೆಲಸ ಕಲಿಸಿದ್ದ. ತುಟಿ ಓದುವ ವಿದ್ಯೆ ಅವನಿಗೂ ಬರುತ್ತಿತ್ತು. ಇದೊಂದು ಮಾತು ನೆನಪಿರಲಿ. ಅವನಿಗೆ ಬರುತ್ತಿತ್ತು.

ಅವನಿಗೆ ಕಷ್ಟ ಇರಲಿಲ್ಲವೇ? ಇತ್ತು. ಶ್ರೀಮಂತನಿಗೇನು ಕಷ್ಟ ಅಂತ ನಗಬೇಡಿ. ನೂಲಿನ ದರ ಇವತ್ತೊಂದು ನಾಳೆಯೊಂದು. ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ನೇಯ್ದ ಸೀರೆಯನ್ನು ವ್ಯಾಪಾರಿ ‘ಬಣ್ಣ ಸರಿಯಿಲ್ಲ’ ಅಂದು ವಾಪಸು ಕಳಿಸುತ್ತಿದ್ದ. ಸಾಹುಕಾರನ ದವಡೆ ಸದಾ ಬಿಗಿದಿರುತ್ತಿತ್ತು. ಒಂದು ದಿನ ಸಹಿ ಮಾಡುವಾಗ ತನ್ನ ಹೆಸರೇ ತನಗೆ ಬೇರೆಯವರ ಹೆಸರಿನಂತೆ ಕಂಡಿತು. ಅವನು ಹೆದರಿದ. ಡಾಕ್ಟರು ರಕ್ತದೊತ್ತಡ ಅಂದರು, ಗುಳಿಗೆ ಕೊಟ್ಟರು, ಮನಸ್ಸು ಶಾಂತವಾಗಿಡಿ ಅಂದರು. ಮನಸ್ಸನ್ನು ಹೇಗೆ ಶಾಂತವಾಗಿಡುವುದು? ಅದಕ್ಕೆ ಅವನು ಒಂಬತ್ತು ದಿನದ ಶಿಬಿರವೊಂದಕ್ಕೆ ಹೋದ.

ಅಲ್ಲಿ ಹೇಳಿಕೊಟ್ಟರು: ‘ಯಾವುದನ್ನೂ ತಲೆಗೆ ಹಚ್ಚಿಕೊಳ್ಳಬೇಡಿ. ಬೆಳಗ್ಗೆ ಹತ್ತರ ತನಕ ಮೌನ ಹಿಡಿಯಿರಿ. ಜನ ತಮ್ಮ ತಮ್ಮ ಗೋಳು ತರುತ್ತಾರೆ, ತರಲಿ. ಅವರ ಕಣ್ಣು ನೋಡಬೇಡಿ, ಎರಡು ಹುಬ್ಬಿನ ನಡುವೆ ನೋಡಿ. ಹೂಂ ಅನ್ನಿ. ಬಿಟ್ಟುಬಿಡಿ.’

ಹೀಗೆ ಹೇಳಿದವರು ಯಾರು? ನಮ್ಮಂಥ ಪ್ರವಚನ ಹೇಳುವವರೇ. ಇಂಥದೇ ಮಣೆ, ಇಂಥದೇ ಹಾರ, ಇಂಥದೇ ಮೈಕು. ಕೇಳುವವರಿಗೆ ಹಿತವಾಗುವುದನ್ನು ಹೇಳಿದರೆ ಹಾರ ದಪ್ಪ ಆಗುತ್ತದೆ, ಇದು ನಮಗೆಲ್ಲ ಗೊತ್ತಿರುವ ವಿಷಯ.

ಔಷಧ ಹತ್ತಿತು. ಹತ್ತದೆ ಇರುತ್ತದೆಯೇ? ಸಾಹುಕಾರ ಊರ ಹೊರಗೆ, ಮಗ್ಗದ ಸದ್ದು ಮುಟ್ಟದ ಕಡೆ ಮನೆ ಕಟ್ಟಿಸಿದ. ಪಡಸಾಲೆಯಲ್ಲಿ ಬೆತ್ತದ ಕುರ್ಚಿ ಹಾಕಿ ಬೆಳಗ್ಗೆ ಹತ್ತರ ತನಕ ಕಣ್ಣು ಮುಚ್ಚಿ ಕೂತ. ಹತ್ತಾದ ಮೇಲೆ ಎಲ್ಲರಿಗೂ ಗೋಣು ಹಾಕಿದ. ಒಂದು ತಿಂಗಳಲ್ಲಿ ದವಡೆ ಸಡಿಲಾಯಿತು. ಮುಖದ ಮೇಲೆ ಒಂದು ತೆಳು ನಗೆ ಬಂದು ಕೂತಿತು. ‘ಸಾವ್ಕಾರ್ರು ದೇವರಾಗ್ಯಾರ’ ಅಂದರು ಜನ. ಅವನಿಗೂ ಹಾಗೇ ಅನ್ನಿಸುತ್ತಿತ್ತು.

ಹೆಂಡತಿ ಒಬ್ಬಳೇ ಹಾಗೆ ಅನ್ನಲಿಲ್ಲ. ಒಂದು ದಿನ ಅವಳು ರೊಟ್ಟಿ ಬಡಿಯುತ್ತ ಹೇಳಿದಳು: “ಗುರುವಾರ ನಮ್ಮಕ್ಕನ ಮಗಳ ಮದವಿ. ಬುಧವಾರ ಸಂಜಿಕ ಹೊಂಡೂದು. ಕೇಳಿದ್ರಿಲ್ಲ?”

ಗೋಣು.

ಬುಧವಾರ ಮೌನ ಮುಗಿಸಿ ಎದ್ದು ಅವನು ಕೇಳಿದ, “ಚೀಲ ಯಾಕ ತುಂಬಾಕತ್ತೀ? ನಾ ಇವತ್ತ ನೂಲಿನ ಪ್ಯಾಟಿಗೆ ಹೋಗ್ಬೇಕು.”

“ಭಾಳ ಚಲೋ ಆತು. ಹೋಗ್ರಿ,” ಅಂದಳು ಅವಳು. “ನಿಮ್ಮ ಮುಂದ ಹೇಳೂದೂ ಒಂದ, ಮಗ್ಗದ ಮುಂದ ಹೇಳೂದೂ ಒಂದ. ನಿಮ್ಮ ಮ್ಯಾಲೊಂದು ಕೌದಿ ಹೊಚ್ಚಿ, ಕೋಡಿಗೆ ಗೆಜ್ಜಿ ಕಟ್ಟಿದ್ರ, ನಾಲ್ಕು ಮನಿ ತಿರಗಸಬಹುದು. ಕೋಲೆಬಸವಂದ್ರ ಬರೇ ಗೋಣು ಹಾಕತೈತಿ, ನೀವು ನಗುತೀರಿ. ಎರಡು ಕಾಳು ಹೆಚ್ಚಿಗಿ ಸಿಗತಾವು.”

ಅದಕ್ಕೂ ಅವನು ನಕ್ಕ. ಅವಳು ಒಬ್ಬಳೇ ಮದುವೆಗೆ ಹೋದಳು.

ನಿಮಗೆ ನಗು ಬಂತು. ಬರಲಿ. ಆದರೆ ಅದಕ್ಕೆ ಒಂದು ದಿನ ಹಿಂದೆ, ಮಂಗಳವಾರ, ಕಾರ್ಖಾನೆಯಲ್ಲಿ ಏನಾಯಿತು ಅನ್ನುವುದನ್ನು ಈಗ ಕೇಳಿ.

ಆ ಕಾರ್ಖಾನೆಯಲ್ಲಿ ಒಬ್ಬ ಜಾಬರ್ ಇದ್ದ. ಜಾಬರ್ ಅಂದರೆ ಮಗ್ಗ ಕೆಟ್ಟರೆ ರಿಪೇರಿ ಮಾಡುವವನು. ಸಾಹುಕಾರನ ಹೆಸರು ಬೇಡ ಅಂದೆ, ಇವನ ಹೆಸರು ಹೇಳುತ್ತೇನೆ. ದುಂಡಪ್ಪ. ಯಾರೂ ಕಿವಿಗೊಡದ ಮನುಷ್ಯನಿಗೆ ಒಂದು ಹೆಸರಾದರೂ ಇರಲಿ. ಸಾಹುಕಾರನ ಅಪ್ಪನ ಕಾಲದಿಂದ ಇದ್ದವನು. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ಮಗ್ಗದ ಮುಂದೆ ಕೆಲಸ ಕಲಿತವರು. ಜಾಬರನಿಗೆ ಕಿವಿಯೇ ಬಂಡವಾಳ. ಇಪ್ಪತ್ನಾಲ್ಕು ಮಗ್ಗದ ಗದ್ದಲದಲ್ಲಿ ಯಾವ ಮಗ್ಗದ ಯಾವ ಗಾಲಿ ಸವೆದಿದೆ ಅಂತ ಅವನು ಸದ್ದಿನಲ್ಲೇ ಹಿಡಿಯಬೇಕು. ಆ ಸದ್ದೇ ವರುಷ ವರುಷ ಅವನ ಕಿವಿಯನ್ನು ತಿಂದಿತ್ತು. ಈಗ ಅವನು ಮಗ್ಗದ ಮೇಲೆ ಅಂಗೈ ಇಟ್ಟು ನಡುಕದಿಂದ ಕಾಯಿಲೆ ತಿಳಿಯುತ್ತಿದ್ದ. ಕಿವುಡ ಅಂತ ಗೊತ್ತಾದರೆ ಜಾಬರ್ ಕೆಲಸ ಹೋಗುತ್ತದೆ. ಹಾಗಾಗಿ ಹೆಂಡತಿ ಕಾಶವ್ವನ ಹೊರತು ಯಾರಿಗೂ ಹೇಳಿರಲಿಲ್ಲ. ಎಂಟು ವರುಷ ಮುಚ್ಚಿಟ್ಟಿದ್ದ.

ಮಂಗಳವಾರ ಮಧ್ಯಾಹ್ನ ಸಾಹುಕಾರ ಕಾರ್ಖಾನೆ ಸುತ್ತು ಹಾಕುವಾಗ ದುಂಡಪ್ಪ ಹದಿನಾಲ್ಕನೇ ಮಗ್ಗದ ಹತ್ತಿರ ಅವನನ್ನು ತಡೆದು ನಿಂತ. ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು, ಕೈ ಒರೆಸಿಕೊಂಡು, ತುಟಿ ಬಿಡಿಸಿ ಬಿಡಿಸಿ ಹೇಳಿದ. ಅವನು ಹೇಳಿದ್ದನ್ನು ನಾನು ನಿಮಗೆ ಹೇಳುತ್ತೇನೆ:

“ಸಾವ್ಕಾರ್ರ, ಕಾಶಿಗೆ ಹೊಟ್ಟಿನೋವು ಭಾಳ ಆಗೈತ್ರಿ. ನಾಳೆ ಬುಧವಾರ, ದೊಡ್ಡ ಡಾಕ್ಟರ್ ಬರ್ತಾರ. ಏನಾಗೈತಿ, ಏನು ಮಾಡಬೇಕು, ನಾಳೇನ ಹೇಳ್ತಾರಂತ. ನನಗ ಕಿವಿ ಕೇಳಸಂಗಿಲ್ರಿ. ಎಂಟು ವರ್ಷಾತು. ಯಾರ ಮುಂದೂ ಅಂದಿಲ್ಲ, ನಿಮ್ಮ ಮುಂದ ಅಷ್ಟ ಅಂತೀನಿ. ಡಾಕ್ಟರ್ ಹೇಳೂದನ್ನ ಕೇಳಿ ನನಗ ತಿಳಿಸಿ ಹೇಳಾಕ ಒಬ್ಬರು ಬೇಕು. ಹತ್ತು ಗಂಟೇಕ ದವಾಖಾನಿಗೆ ಬರ್ತೀರೇನ್ರಿ?”

ಸಾಹುಕಾರ ಎಲ್ಲಿ ನೋಡುತ್ತಿದ್ದ? ಎರಡು ಹುಬ್ಬಿನ ನಡುವೆ. ದುಂಡಪ್ಪನ ಹಣೆಯ ಮೇಲೆ ಎಣ್ಣೆಯ ಕಲೆ ಇತ್ತು, ಅದನ್ನು ನೋಡುತ್ತಿದ್ದ. ಉಸಿರು ಒಳಗೆ, ಉಸಿರು ಹೊರಗೆ. ರಜೆ ಕೇಳುತ್ತಿರಬೇಕು, ಇಲ್ಲವೇ ಯಾವುದೋ ಗಾಲಿ ತರಿಸಿಕೊಡಿ ಅನ್ನುತ್ತಿರಬೇಕು. ಇವರದು ಇದ್ದದ್ದೇ. ತುಟಿ ನಿಂತಾಗ ಅವನು ಗೋಣು ಹಾಕಿದ. ಒಂದು ಸಲ ಅಲ್ಲ, ಎರಡು ಸಲ.

ದುಂಡಪ್ಪನ ಮುಖ ಹೇಗಾಯಿತು ಅಂತೀರಿ! ಎಂಟು ವರುಷದ ಗುಟ್ಟು ಇಳಿಸಿದ ಮುಖ. ಕೈ ಮುಗಿದ, ಪಾನಾ ಎತ್ತಿಕೊಂಡು ಮಗ್ಗದ ಕೆಳಗೆ ನುಸುಳಿದ. ಸಾಹುಕಾರ ಅದನ್ನು ನೋಡಿ ಅಂದುಕೊಂಡ: ಎಷ್ಟು ಸುಲಭ. ನನಗೂ ಶಾಂತಿ, ಅವನಿಗೂ ಶಾಂತಿ.

ಬುಧವಾರ ಸಾಹುಕಾರ ನೂಲಿನ ಪೇಟೆಯಲ್ಲಿದ್ದ. ದುಂಡಪ್ಪ ದವಾಖಾನೆಯ ಗೇಟಿನಲ್ಲಿದ್ದ. ಕಾಶವ್ವ ಒಳಗೆ ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಹೆಸರು ಕರೆದಾಗ ಅವಳು ಕೈ ಬೀಸಿದಳು, ದುಂಡಪ್ಪ ಓಡಿ ಬಂದು ನರ್ಸಿಗೆ ಕೈ ಮುಗಿದ, “ಒಂಚೂರು ತಡೀರಿ ಬಾಯಾರ, ನಮ್ಮ ಸಾವ್ಕಾರ್ರು ಬರಾಕತ್ತಾರ.” ತಮ್ಮ ಸರದಿಯನ್ನು ಬೇರೆಯವರಿಗೆ ಬಿಟ್ಟ. ಎರಡನೇ ಸಲವೂ ಬಿಟ್ಟ. ಮೂರನೇ ಸಲ ನರ್ಸು ಗದರಿದಳು, “ಯಾರಪಾ ಅಂವಾ ನಿಮ್ಮ ಸಾವ್ಕಾರ? ಮಂತ್ರಿ ಏನು? ಡಾಕ್ಟರು ಹೊಂಟ್ರಂದ್ರ ಮತ್ತ ಮುಂದಿನ ಬುಧವಾರನ ನೋಡು.”

ಕಾಶವ್ವ ಆ ನೋವಿನಲ್ಲೂ ಅಂದಳಂತೆ, “ಬರ್ತಾರ್ರೀ. ಗೋಣು ಹಾಕ್ಯಾರಂತ.”

ಹನ್ನೊಂದೂವರೆಗೆ ಡಾಕ್ಟರು ಅವಳನ್ನು ಮಲಗಿಸಿ ಪರೀಕ್ಷೆ ಮಾಡಿದರು. ರೋಗಿಯ ಎದುರು ಹೇಳಬಾರದು ಅಂತ ದುಂಡಪ್ಪನನ್ನು ಬಾಗಿಲ ಹೊರಗೆ ಕರೆದರು. ಒಳ್ಳೆಯ ಮನುಷ್ಯ, ಮೆತ್ತಗೆ ಮಾತಾಡುವವರು. ಬಾಯಿಗೆ ಮಾಸ್ಕು. ಅದರ ಹಿಂದೆ ತುಟಿ ಎಲ್ಲಿ ಕಾಣಬೇಕು? ‘ಕರುಳಿನಲ್ಲಿ ಕೀವು ತುಂಬಿದೆ. ಇಲ್ಲಿ ಆಪರೇಷನ್ ಆಗುವುದಿಲ್ಲ. ಇವತ್ತೇ ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು, ತಡ ಮಾಡಬಾರದು. ತಿಳಿಯಿತಾ?’

ದುಂಡಪ್ಪನಿಗೆ ತಿಳಿದದ್ದು ಇಷ್ಟು: ಎದುರಿನವರು ಮಾತು ನಿಲ್ಲಿಸಿ ತನ್ನ ಮುಖ ನೋಡುತ್ತಿದ್ದಾರೆ. ಮಾತು ನಿಂತಾಗ ಏನು ಮಾಡಬೇಕು ಅನ್ನುವುದು ಅವನಿಗೆ ಗೊತ್ತಿತ್ತು.

ಗೋಣು ಹಾಕಿದ.

ಡಾಕ್ಟರು ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದುಕೊಟ್ಟು ಮುಂದಿನ ಊರಿಗೆ ಹೋದರು. ನರ್ಸು ಇಂಜೆಕ್ಷನ್ ಕೊಟ್ಟಳು, ನೋವು ಸ್ವಲ್ಪ ಇಳಿಯಿತು. ಕಾಶವ್ವ ಗಂಡನ ತೋಳು ಹಿಡಿದು, ಅವನಿಗೆ ಕಾಣುವ ಹಾಗೆ ತುಟಿ ಆಡಿಸಿ ಕೇಳಿದಳು, “ಏನಂದ್ರು?”

“ಆರಾಮ ಆಗತೈತಂತ,” ಅಂದ ದುಂಡಪ್ಪ.

ಸುಳ್ಳು ಹೇಳಿದನೇ? ಹೆದರಿದವನು ತನಗೆ ಬೇಕಾದದ್ದನ್ನೇ ಕೇಳಿಸಿಕೊಳ್ಳುತ್ತಾನೆ, ಅಷ್ಟೆ. ಆದರೂ ಕಾಗದ ಅವನ ಜೇಬಿನಲ್ಲಿ ಸುಡುತ್ತಿತ್ತು. ಸಾವ್ಕಾರ್ರಿಗೆ ಇಂಗ್ಲಿಷ್ ಬರತೈತಿ, ನಾಳೆ ಬೆಳಗಾದ ಕೂಡಲೇ ತೋರಿಸಿದರಾಯಿತು ಅಂದುಕೊಂಡ.

ಗುರುವಾರ ಎಂಟು ಗಂಟೆ. ಹೆಂಡತಿ ಮದುವೆಗೆ ಹೋದ ಮನೆ. ಸಾಹುಕಾರ ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಅಂಗಳದಲ್ಲಿ ಚಪ್ಪಲಿ ಸಪ್ಪಳ. ದುಂಡಪ್ಪನದು ಅಂತ ಗೊತ್ತಾಯಿತು. ಎಡಗಾಲು ಎಳೆದು ಹಾಕುವ ನಡಿಗೆ. ಕೆಮ್ಮಿದ್ದು ಕೇಳಿತು. “ಸಾವ್ಕಾರ್ರ,” ಅಂದದ್ದು ಕೇಳಿತು. ಕಾಗದ ಬಿಚ್ಚಿದ ಸರಪರ ಕೇಳಿತು. ನೋಡಿ, ಇಲ್ಲಿ ಮಗ್ಗ ಇರಲಿಲ್ಲ. ಎಲ್ಲವೂ ಕೇಳಿತು. ಕಣ್ಣು ತೆರೆಯಬೇಕು ಅಂತ ಒಂದು ಗಳಿಗೆ ಅನ್ನಿಸಿತು ಕೂಡ. ಒಮ್ಮೆ ತೆರೆದರೆ ಇಡೀ ದಿನದ ರಗಳೆ ಆ ಬಾಗಿಲಿಂದಲೇ ಒಳಗೆ ನುಗ್ಗುತ್ತದೆ ಅಂತ ಮರುಗಳಿಗೆ ಅನ್ನಿಸಿತು. ಅವನು ಕಣ್ಣು ಮುಚ್ಚಿಕೊಂಡೇ ಎರಡೂ ಕೈ ಎತ್ತಿ ಹತ್ತು ಬೆರಳು ತೋರಿಸಿದ. ಹತ್ತರ ಮೇಲೆ ಬಾ.

ದುಂಡಪ್ಪ ಅರ್ಧ ಗಂಟೆ ನಿಂತ. ಮನೆಯಲ್ಲಿ ಕಾಶವ್ವ ಮತ್ತೆ ನರಳಲು ಶುರು ಮಾಡಿದ್ದಳು. ಅವನಿಗೆ ನಿಲ್ಲಲಾಗಲಿಲ್ಲ. ಕಾಲೆಳೆಯುತ್ತ ಪೇಟೆಯ ಔಷಧದ ಅಂಗಡಿಗೆ ಓಡಿದ. ಅಂಗಡಿಯವನು ಕಾಗದ ಓದಿ ಎದ್ದು ನಿಂತು ಚೀರಿದ. ಆ ಚೀರಾಟ ದುಂಡಪ್ಪನಿಗೂ ಕೇಳಿತು: “ನಿನ್ನೇನ ಒಯ್ಯಬೇಕಿತ್ತಲ್ಲೋ ಮಾರಾಯಾ!” ಗಾಡಿ ಮಾಡಿದರು. ಗಾಡಿ ಹೊಳೆಯ ಸೇತುವೆ ದಾಟುವ ಮೊದಲೇ ಕಾಶವ್ವ ಹೋದಳು.

ಅದೇ ಹೊತ್ತಿಗೆ ಸಾಹುಕಾರ ಕಣ್ಣು ತೆರೆದ. ಮೌನ ಮುಗಿದಿತ್ತು. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿಕೊಂಡ. ನೂರಾ ಇಪ್ಪತ್ತು, ಎಂಬತ್ತು. ಚಿನ್ನದಂಥ ಅಂಕಿ. ಅವನಿಗೆ ಸಂತೋಷವಾಯಿತು.

ಮೂರನೇ ದಿನ ಅವನು ದುಂಡಪ್ಪನ ಮನೆಗೆ ಮಾತಾಡಿಸಲು ಹೋದ. ಜನ ಎದ್ದು ಚಾಪೆಯ ಮೇಲೆ ಜಾಗ ಬಿಟ್ಟರು. ದುಂಡಪ್ಪ ಕಿವಿ ಕೇಳದವರ ದೊಡ್ಡ ದನಿಯಲ್ಲಿ, ಸಿಟ್ಟಿಲ್ಲದೆ ಹೇಳಿದ, “ಬುಧವಾರ ಹನ್ನೊಂದೂವರಿ ತನಕ ನಿಮ್ಮ ದಾರಿ ನೋಡಿದೆ. ಏನೋ ದೊಡ್ಡ ಕೆಲಸ ಬಂದಿರಬೇಕಂದೆ.”

“ನನ್ನ ದಾರಿ? ನಾ ಯಾವಾಗ ಬರ್ತೀನಿ ಅಂದಿದ್ದೆಪಾ?”

“ಮಂಗಳವಾರ. ಹದಿನಾಲ್ಕನೇ ಮಗ್ಗದ ಕಡೆ. ನೀವು ಗೋಣು ಹಾಕಿದ್ರಿ. ಎರಡು ಸಲ.”

ಮನೆ ತುಂಬ ಜನ. ಎಲ್ಲರೂ ಮಗ್ಗದವರು. ಗೋಣಿನ ಬೆಲೆ ಗೊತ್ತಿದ್ದವರು. ಸಾಹುಕಾರ ನೆನಪು ಮಾಡಿಕೊಂಡ. ಹಣೆಯ ಮೇಲಿನ ಎಣ್ಣೆಯ ಕಲೆ ನೆನಪಾಯಿತು. ಅದರ ಕೆಳಗೆ ಆಡುತ್ತಿದ್ದ ತುಟಿ ನೆನಪಾಯಿತು. ಚಿಕ್ಕಂದಿನಿಂದ ಬಂದ ವಿದ್ಯೆ ಎಲ್ಲಿಗೆ ಹೋಗುತ್ತದೆ? ಈಗ ಆ ತುಟಿ ತಾನಾಗಿಯೇ ಓದಿಸಿಕೊಂಡಿತು. ಕಾಶಿಗೆ. ಹೊಟ್ಟಿನೋವು. ನನಗ ಕಿವಿ. ನಿಮ್ಮ ಮುಂದ ಅಷ್ಟ. ಒಂದೊಂದೇ ಮಾತು, ನಾಲ್ಕು ದಿನ ತಡವಾಗಿ.

ಅವನು ಚಾಪೆಯ ಮೇಲೆ ಕೂತೇ ಇದ್ದ. ಚಹಾ ತಂದುಕೊಡುವ ಹುಡುಗಿ ಎಲ್ಲರಿಗೂ ಕೊಟ್ಟಳು, ಅವನ ಮುಂದೆ ಬಂದಾಗ ತಟ್ಟೆಯಲ್ಲಿ ಕಪ್ಪು ಇರಲಿಲ್ಲ. ಮುಗಿದಿತ್ತೋ, ಯಾರಾದರೂ ಸನ್ನೆ ಮಾಡಿದ್ದರೋ, ಯಾರಿಗೆ ಗೊತ್ತು?

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿ ಅತ್ತ. ಅವಳು ಕೇಳಿಸಿಕೊಂಡಳು. ಕೊನೆಗೆ ಅಂದಳು, “ನಾನೂ ಭಾಳ ಹೇಳೂದಿತ್ತು ನಿಮಗ. ಈಗ ಒಂದೂ ನೆನಪಿಲ್ಲ.”

ಹದಿಮೂರು ದಿನ ಕಳೆದ ಮೇಲೆ ದುಂಡಪ್ಪ ಕೆಲಸಕ್ಕೆ ಬಂದ. ಸಾಹುಕಾರ ಎಂದೂ ಮಾಡದ ಕೆಲಸ ಮಾಡಿದ. ಹಗಲು ಪಾಳಿಯಲ್ಲಿ, ಕರೆಂಟು ಇರುವಾಗ, ಇಪ್ಪತ್ನಾಲ್ಕು ಮಗ್ಗ ನಿಲ್ಲಿಸಿದ. ಕರೆಂಟು ಹೋಗದೆಯೇ ಆ ಕಟ್ಟಡದಲ್ಲಿ ಹಕ್ಕಿ ಕೂಗುವುದು ಕೇಳಿಸಿದ್ದು ಅದೇ ಮೊದಲು. ಎಲ್ಲರ ಎದುರು ದುಂಡಪ್ಪನ ಮುಂದೆ ನಿಂತು, ಅವನ ಕಣ್ಣನ್ನೇ ನೋಡುತ್ತ, ತುಟಿ ಬಿಡಿಸಿ ಕೇಳಿದ, “ದುಂಡಪ್ಪಾ, ಏನರ ಹೇಳೂದೈತೇನಪಾ? ಹೇಳು. ನಾ ಕೇಳ್ತೀನಿ. ಬೈಯೂದಿದ್ರೂ ಬೈ.”

ದುಂಡಪ್ಪ ಅವನ ಎರಡು ಹುಬ್ಬಿನ ನಡುವೆ ನೋಡಿದ. ಗೋಣು ಹಾಕಿದ. ಪಾನಾ ಎತ್ತಿಕೊಂಡು ಮಗ್ಗದ ಕೆಳಗೆ ನುಸುಳಿದ.

ಮುಂದೆ ಒಂಬತ್ತು ವರುಷ ಅವನು ಅಲ್ಲೇ ದುಡಿದ. ಸಾಹುಕಾರನ ಜೊತೆ ಒಂದು ಮಾತೂ ಆಡಲಿಲ್ಲ. ಏನು ಕೇಳಿದರೂ ಗೋಣು.

ಕಥೆ ಮುಗಿಯಿತು. ಸಾಹುಕಾರ ಬದಲಾದನೇ, ಅವನಿಗೆ ಕ್ಷಮೆ ಸಿಕ್ಕಿತೇ ಅಂತ ನೀವು ಕಾಯುತ್ತಿದ್ದೀರಿ. ನನಗೆ ಗೊತ್ತಿಲ್ಲ. ಸಿಕ್ಕಿತು ಅಂದರೆ ನೀವು ಹಗುರಾಗಿ ಮನೆಗೆ ಹೋಗುತ್ತೀರಿ. ನಾನು ಹೇಳುವುದಿಲ್ಲ.

ಒಂದು ಕೇಳುತ್ತೇನೆ. ಸಾಹುಕಾರನ ಎದೆಯ ಭಾರ ಇಳಿಯಿತಲ್ಲ, ಅದು ಎಲ್ಲಿಗೆ ಹೋಯಿತು? ಗಾಳಿಗೆ ಹೋಯಿತೇ? ಹೆಂಡತಿಯ ಮೇಲೆ ಹೋಯಿತು. ದುಂಡಪ್ಪನ ಮೇಲೆ ಹೋಯಿತು. ಬೆಂಚಿನ ಮೇಲೆ ಹೊಟ್ಟೆ ಹಿಡಿದು ಕೂತವಳ ಮೇಲೆ ಹೋಯಿತು. ಮೇಲಿನವನು ಭಾರ ಕೊಡವಿದರೆ ಕೆಳಗೆ ನಿಂತವನ ತಲೆಯ ಮೇಲೆ ಬೀಳುತ್ತದೆ. ಅದನ್ನು ನಾವು ಶಾಂತಿ ಅಂತ ಕರೆಯುತ್ತೇವೆ, ಅದಕ್ಕೆ ಊದುಬತ್ತಿ ಹಚ್ಚುತ್ತೇವೆ.

ಮತ್ತೆ ಇದನ್ನು ನೋಡಿ. ಅವತ್ತು ಹದಿನಾಲ್ಕನೇ ಮಗ್ಗದ ಹತ್ತಿರ ಸಾಹುಕಾರ ಕರುಣೆ ತೋರಿಸಬೇಕಾಗಿಯೂ ಇರಲಿಲ್ಲ. ‘ದುಂಡಪ್ಪಾ, ನನ್ನ ತಲಿ ಇವತ್ತ ಸರಿ ಇಲ್ಲ, ನೀ ಹೇಳಿದ್ದು ನನಗ ತಿಳೀಲಿಲ್ಲ’ ಅಂದಿದ್ದರೆ ಸಾಕಿತ್ತು. ‘ಆಗಂಗಿಲ್ಲ ಹೋಗು’ ಅಂದಿದ್ದರೂ ಸಾಕಿತ್ತು. ದುಂಡಪ್ಪ ಬೇರೆ ಯಾರನ್ನಾದರೂ ಕರೆದುಕೊಂಡು ಹೋಗುತ್ತಿದ್ದ. ಕಾಶವ್ವ ಉಳಿಯುತ್ತಿದ್ದಳು. ಒರಟಾಗಿ ಆಡಿದ ‘ಇಲ್ಲ’ ಅವಳನ್ನು ಕೊಲ್ಲುತ್ತಿರಲಿಲ್ಲ. ಕೊಂದದ್ದು ನಗುನಗುತ್ತ ಹಾಕಿದ ಗೋಣು.

ನೋಡಿ, ನೀವು ಈಗಲೂ ಗೋಣು ಹಾಕುತ್ತಿದ್ದೀರಿ. ಮುಂದಿನ ಸಾಲಿನವರೂ, ಕಂಬದ ಹತ್ತಿರದವರೂ. ಮುಕ್ಕಾಲು ಗಂಟೆಯಿಂದ ಹಾಕುತ್ತಿದ್ದೀರಿ. ಎಷ್ಟು ಕೇಳಿತು?

ನಿಮಗೆ ಭಾರ ಇದೆ, ನನಗೆ ಗೊತ್ತು. ಸಾಲು ಸಾಲಾಗಿ ಬಂದು ‘ಅಪ್ಪಾರ, ಮನಸ್ಸಿಗೆ ಶಾಂತಿ ಇಲ್ರಿ’ ಅನ್ನುತ್ತೀರಿ. ಕೂರಿ, ಉಸಿರಾಡಿ, ಮೌನ ಹಿಡಿಯಿರಿ, ತಪ್ಪಿಲ್ಲ. ಬಾಗಿಲಲ್ಲಿ ಮನುಷ್ಯ ನಿಂತರೆ ಕಣ್ಣು ತೆರೆಯಿರಿ. ಆಗದಿದ್ದರೆ ಆಗದು ಅನ್ನಿ. ಕೇಳಿಸದಿದ್ದರೆ ‘ಏನಂದಿ, ಇನ್ನೊಮ್ಮೆ ಹೇಳು’ ಅನ್ನಿ. ನಾಚಿಕೆ ಪಡಬೇಡಿ. ಸೊಸೆ ಮಾತಾಡುವಾಗ ಟೀವಿ ಆರಿಸಿ. ಮಗ ‘ಇವತ್ತ ಸಾಲ್ಯಾಗ’ ಅಂದು ಶುರು ಮಾಡಿದಾಗ ಮೊಬೈಲು ಬೋರಲು ಹಾಕಿ. ಅಂಗಡಿಯಲ್ಲಿ ದುಡಿಯುವವನು ಕೈ ಒರೆಸಿಕೊಂಡು ಎದುರು ನಿಂತರೆ, ಅವನು ರಜೆ ಕೇಳಲಿಕ್ಕೇ ಬಂದ ಅಂತ ನೀವೇ ತೀರ್ಮಾನಿಸಬೇಡಿ. ಅವನ ಬಾಯಿಂದಲೇ ಕೇಳಿ. ಮತ್ತು ನಿಮ್ಮ ಎದೆ ಒಡೆಯುತ್ತಿದ್ದರೆ, ನಗೆ ಹಚ್ಚಿಕೊಂಡು ತಿರುಗಬೇಡಿ, ಒಬ್ಬರ ಮುಂದಾದರೂ ಬಾಯಿ ಬಿಡಿ.

ಪ್ರಸಾದದ ಗಂಟೆಯಾಗಿದೆ. ಎಲ್ಲರೂ ಒಮ್ಮೆಲೇ ಏಳುತ್ತೀರಿ, ನನಗೆ ಗೊತ್ತು. ಏಳುವ ಮೊದಲು ನಿಮ್ಮ ಪಕ್ಕದಲ್ಲಿ ಕೂತವರ ಮುಖ ನೋಡಿ. ಮನೆಯವರೇ ಇರಬಹುದು. ಅವರು ನಿಮಗೆ ಏನೋ ಹೇಳಬೇಕು ಅಂದುಕೊಂಡು ಎಷ್ಟು ದಿನವಾಯಿತೋ. ನಾನು ಇಷ್ಟು ಹೊತ್ತು ಮಾತಾಡುತ್ತಿದ್ದರಿಂದ ಅವರಿಗೆ ಆಗಲಿಲ್ಲ.

ಯಾರಪಾ ಅಲ್ಲಿ, ಮೈಕು ಬಂದ್ ಮಾಡು.